ಒಂಬತ್ತು ಚುಕ್ಕಿ

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಕರೆ. ತೆಗೆದರೆ ಅಮ್ಮ. ತಿಪಟೂರಿನ ಪಕ್ಕದ ಮನೆಯವರ ಫೋನು.

"ಏನೇ ಮಾಡಿದೆ ನನ್ನ ಫೋನಿಗೆ? ಒಳಗೇ ಬಿಡ್ತಿಲ್ಲ."

ಏನು ಮಾಡಿದ್ದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಭಾನುವಾರ ಸಂಜೆ, ಬೆಂಗಳೂರಿನ ರೈಲಿಗೆ ಇನ್ನೂ ಒಂದು ಗಂಟೆ ಇರುವಾಗ, ಸುಮ್ಮನೆ ಕೂರಲಾರದೆ ಅಮ್ಮನ ಫೋನಿನ ಲಾಕ್ ಬದಲಾಯಿಸಿದ್ದೆ. ಹೊರಡುವ ಗಡಿಬಿಡಿಯಲ್ಲಿ ಮಾಡಬಾರದ ಕೆಲಸಗಳ ಪಟ್ಟಿಯಲ್ಲಿ ಇದಕ್ಕೆ ಮೊದಲ ಜಾಗ ಕೊಡಬೇಕು ಅನ್ನೋದು ಈಗಿನ ಜ್ಞಾನ.

"ಏಳು ಗಂಟೆಗೆ ಎರಡು ಸಲ ಮಾಡಿದ್ನಲ್ಲಮ್ಮ, ಯಾಕೆ ತೆಗೀಲಿಲ್ಲ?"

"ನಿನ್ನ ಹೆಸರೆಲ್ಲಿ ಬಂತು? ಬರೀ ನಂಬರು ಬಂತು. ಹೆಸರಿಲ್ಲದ ನಂಬರು ತೆಗೀಬೇಡ ಅಂತ ನೀನೇ ತಾನೆ ಹೇಳಿರೋದು."

ಅದೂ ನಿಜವೇ. ಸೈಬರ್ ವಂಚನೆಯ ಸುದ್ದಿ ಓದಿದಾಗಲೆಲ್ಲ ಅಮ್ಮನಿಗೆ ಫೋನ್ ಮಾಡಿ ಒಂದೊಂದು ಪಾಠ ಹೇಳೋದು ನನ್ನ ಅಭ್ಯಾಸ. ಎಲ್ಲ ಪಾಠಗಳೂ ಒಟ್ಟಿಗೆ ಸೇರಿ ನನ್ನನ್ನೇ ಬಾಗಿಲಾಚೆ ನಿಲ್ಲಿಸಿದ್ದವು.

ಅಮ್ಮನ ಹಳೆಯ ಲಾಕ್ ಪ್ಯಾಟರ್ನ್ ಆಗಿತ್ತು. ಮೂರು ಸಾಲು, ಮೂರು ಮೂರು ಚುಕ್ಕಿ, ಬೆರಳು ಎತ್ತದೆ ಗೆರೆ ಎಳೆಯೋದು. ಆಂಡ್ರಾಯ್ಡ್ ಫೋನುಗಳಲ್ಲಿ ಇದು 2008ರ ಮೊದಲ ಮಾದರಿಯಿಂದಲೂ ಇದೆ. ಯಾರ ತಲೆಯಲ್ಲಿ ಹುಟ್ಟಿದ್ದೋ ಏನೋ, ನಮ್ಮ ಕಡೆಯ ಹೆಂಗಸರಿಗೆ ಅಂತಲೇ ಮಾಡಿದ ಹಾಗಿದೆ. ಅಮ್ಮ ದಿನಾ ಬೆಳಿಗ್ಗೆ ಐದೂವರೆಗೆ ಬಾಗಿಲಿಗೆ ನೀರು ಹಾಕಿ, ಏಳು ಚುಕ್ಕಿ ನಾಲ್ಕರವರೆಗೆ ಸಂದುಚುಕ್ಕಿ ಅಂತ ಬಾಯಲ್ಲಿ ಗುಣುಗುತ್ತಾ ಇಟ್ಟು, ಎಳೆ ತಿರುಗಿಸಿ ತಿರುಗಿಸಿ ಶುರುಮಾಡಿದ ಜಾಗಕ್ಕೇ ತಂದು ಸೇರಿಸುವವಳು. ಅವಳಿಗೆ ಒಂಬತ್ತು ಚುಕ್ಕಿ ಯಾವ ಲೆಕ್ಕ? ಫೋನ್ ಕೊಂಡ ದಿನ ಅಂಗಡಿಯ ಹುಡುಗ "ಅಮ್ಮ, ಒಂದು ಪ್ಯಾಟರ್ನ್ ಎಳೀರಿ" ಅಂದಾಗ ಸರಕ್ಕನೆ ಎಳೆದಿದ್ದಳಂತೆ. ಆಮೇಲೆ ಮೂರು ವರ್ಷ ಒಂದು ದಿನವೂ ಮರೆತಿರಲಿಲ್ಲ. ನೀನು ಏನು ಎಳೀತೀಯ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಫೋನ್ ಕೈಗೆ ಕೊಟ್ಟರೆ ಬೆರಳು ತಾನೇ ಹೋಗುತ್ತಿತ್ತು.

ನನ್ನ ತಕರಾರು ಎರಡು. ಒಂದು, ಆ ಪ್ಯಾಟರ್ನ್ ಇಡೀ ಬೀದಿಗೆ ಗೊತ್ತಿತ್ತು. ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗ ಬಂದು ತಾನೇ ಲಾಕ್ ತೆಗೆದು ಆಟ ಆಡಿಕೊಂಡು ಹೋಗುತ್ತಿದ್ದ. ಎರಡು, ಗಾಜಿನ ಮೇಲೆ ಗೆರೆ ಎದ್ದು ಕಾಣುತ್ತಿತ್ತು. ಒಗ್ಗರಣೆ ಹಾಕಿದ ಕೈ, ಕೊಬ್ಬರಿ ಎಣ್ಣೆ ಹಚ್ಚಿದ ಕೈ, ಅದೇ ಕೈಯಲ್ಲಿ ಫೋನು. ಕಿಟಕಿಯ ಕಡೆ ಸ್ವಲ್ಪ ವಾಲಿಸಿದರೆ ಸಾಕು, ಪ್ಯಾಟರ್ನ್ ಹಾಗೆ ಹಾಗೇ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು: ಒಂದು ಪ್ರಯೋಗದಲ್ಲಿ ಅವರು ಹೂಡಿದ ಬೆಳಕು ಮತ್ತು ಕ್ಯಾಮೆರಾ ಜೋಡಣೆಗಳ ಪೈಕಿ ಶೇ. 68ರಲ್ಲಿ ಬೆರಳಿನ ಜಿಡ್ಡಿನ ಗುರುತಿನಿಂದಲೇ ಪ್ಯಾಟರ್ನ್ ಪೂರ್ತಿ ಓದಲು ಸಿಕ್ಕಿತು. ಕನಿಷ್ಠ ನಾಲ್ಕು ಚುಕ್ಕಿ ಮುಟ್ಟಬೇಕು ಅನ್ನುವ ನಿಯಮದಲ್ಲಿ ಒಟ್ಟು 3,89,112 ಪ್ಯಾಟರ್ನ್ ಸಾಧ್ಯ. ನಾಲ್ಕಂಕಿಯ ಪಿನ್ನಿನ 10,000ಕ್ಕಿಂತ ಎಷ್ಟೋ ಹೆಚ್ಚು. ಆದರೆ ಎಣ್ಣೆಗೆ ಗಣಿತ ಗೊತ್ತಿಲ್ಲವಲ್ಲ.

ಮೇಲಾಗಿ ಈಗ ಅಮ್ಮ ಹಾಲಿಗೆ, ಸೊಪ್ಪಿಗೆ ಎಲ್ಲ ಯುಪಿಐನಲ್ಲೇ ದುಡ್ಡು ಕೊಡ್ತಾಳೆ. ಹಾಗಾಗಿ ಆರಂಕಿಯ ಪಿನ್ ಹಾಕೋಣ ಅಂದೆ.

"ಆರಾ? ನಾಲ್ಕು ಸಾಲದಾ?" ಅಂದಳು ಅಡುಗೆಮನೆಯಿಂದಲೇ.

ಈ ಪ್ರಶ್ನೆಯನ್ನು ಅಮ್ಮನಿಗಿಂತ ಬಹಳ ಮುಂಚೆ ಇನ್ನೊಬ್ಬ ಹೆಂಗಸು ಅಡುಗೆಮನೆಯಲ್ಲೇ ಎತ್ತಿದ್ದಳು ಅಂತ ಆಮೇಲೆ ನೆನಪಾಯಿತು. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ನಿಲ್ಲಿಸಿದ ದುಡ್ಡು ಕೊಡುವ ಯಂತ್ರದ ಹಿಂದಿದ್ದವರು ಜಾನ್ ಶೆಫರ್ಡ್-ಬ್ಯಾರನ್. ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ತಮ್ಮ ಸೈನ್ಯದ ನಂಬರು ನೆನಪಿತ್ತಾದ್ದರಿಂದ ಆರಂಕಿ ಇಡೋಣ ಅಂದುಕೊಂಡಿದ್ದರಂತೆ. ಹೆಂಡತಿ ಕ್ಯಾರೊಲಿನ್, ಅಡುಗೆಮನೆಯ ಮೇಜಿನ ಮುಂದೆ ಕೂತು, ನನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರಲ್ಲ ಅಂದರು. ನಾಲ್ಕೇ ಆಯಿತು. ಶೆಫರ್ಡ್-ಬ್ಯಾರನ್ ಅವರೇ ಮುಂದೆ ಹೇಳಿಕೊಂಡ ಕತೆ ಇದು. ಪಿನ್ ನನ್ನದು ಅನ್ನುವ ಬೇರೆ ಹಕ್ಕುದಾರರೂ ಇದ್ದಾರೆ, ಅದಿರಲಿ. ಆ ಗಂಡ ಅವತ್ತು ಮನೆಯವರ ಮಾತು ಕೇಳಿದ. ನಾನು ಕೇಳಲಿಲ್ಲ.

ಕೇಳದೇ ಇದ್ದುದಲ್ಲದೆ ಶರತ್ತು ಬೇರೆ ಹಾಕಿದೆ. ಹುಟ್ಟಿದ ವರ್ಷ ಬೇಡ, ಮದುವೆ ತಾರೀಕು ಬೇಡ, 123456 ಅಂತೂ ಬೇಡವೇ ಬೇಡ. ಇದಕ್ಕೆ ಆಧಾರವೂ ಇತ್ತು ನನ್ನ ಹತ್ತಿರ. ನಿಕ್ ಬೆರಿ ಅನ್ನುವವರು 2012ರಲ್ಲಿ, ಸೋರಿಹೋದ 34 ಲಕ್ಷ ನಾಲ್ಕಂಕಿ ಗುಪ್ತಪದಗಳನ್ನು ಎಣಿಸಿದಾಗ ಸುಮಾರು ಶೇ. 11ರಷ್ಟು ಬರೀ 1234 ಆಗಿದ್ದವು. "ಆಮೇಲೆ ಇನ್ಯಾವ ನಂಬರು ನೆನಪಿಟ್ಟುಕೊಳ್ಳಲಿ?" ಅಂದಳು. ಸರಿ, ಅಜ್ಜಿ ಮನೆ ಲ್ಯಾಂಡ್‌ಲೈನ್ ನಂಬರು ಹಿಂದಿನಿಂದ ಮುಂದಕ್ಕೆ ಹಾಕ್ತೀನಿ ಅಂದೆ. ಮೊದಲು ಐದಂಕಿ ಇದ್ದದ್ದು, ಎಕ್ಸ್‌ಚೇಂಜಿನವರು ಎಲ್ಲರ ನಂಬರಿಗೂ ಮುಂದೆ 2 ಸೇರಿಸಿದ ಮೇಲೆ ಆರಂಕಿ. ಎಂಥ ಬುದ್ಧಿವಂತಿಕೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಮ್ಮನ ಕೈಯಲ್ಲಿ ಚಪಾತಿ ಹಿಟ್ಟಿತ್ತು. ನಾನೇ ಒತ್ತಿದೆ. ಖಚಿತಪಡಿಸಿ ಅಂದಾಗ ಇನ್ನೊಂದು ಸಲ ನಾನೇ ಒತ್ತಿದೆ. ಬೆರಳಚ್ಚಿಗೆ ಮಾತ್ರ ಅಮ್ಮನ ಹೆಬ್ಬೆರಳು ತೊಳೆಸಿ ಇಡಿಸಿದೆ.

ಆ ಪಿನ್ನನ್ನು ಅಮ್ಮನ ಬೆರಳು ಒಂದು ಸಲವೂ ಒತ್ತಿಲ್ಲ.

ಭಾನುವಾರದಿಂದ ಮಂಗಳವಾರದವರೆಗೆ ಹೆಬ್ಬೆರಳಿನಲ್ಲೇ ನಡೆಯಿತು, ಮೂರು ಸಲ ಇಟ್ಟರೆ ಒಂದು ಸಲ ತೆಗೆದುಕೊಳ್ಳುತ್ತಿತ್ತಂತೆ. ಪಾತ್ರೆ ತಿಕ್ಕಿ, ಕಾಯಿ ತುರಿದು ಸವೆದ ಬೆರಳು. ಪಡಿತರ ಅಂಗಡಿಯ ಯಂತ್ರಕ್ಕೂ ಇದೇ ಗೋಳು, ಅಲ್ಲಿ ಅಮ್ಮ ಹತ್ತೂ ಬೆರಳು ಇಟ್ಟು ನೋಡ್ತಾಳೆ. ಮಂಗಳವಾರ ರಾತ್ರಿ ಮಳೆ, ಕರೆಂಟಿಲ್ಲ, ಚಾರ್ಜು ಮುಗಿದು ಫೋನು ಸತ್ತಿತು. ಬೆಳಿಗ್ಗೆ ಕರೆಂಟು ಬಂದು ಫೋನು ಹೊತ್ತಿಕೊಂಡಾಗ ಬೆರಳು ಬೇಡ, ಪಿನ್ ಹಾಕು ಅಂತ ಕೂತಿತು.

ಫೋನು ಹಟಮಾರಿ ಅಂತಲ್ಲ. ಅದು ಆರಿ ಹೊತ್ತಿಕೊಂಡಾಗ ಒಳಗಿರುವ ಫೋಟೋ, ಮೆಸೇಜು, ವಿಳಾಸ ಎಲ್ಲ ಗೂಢಲಿಪಿಯಲ್ಲೇ ಇರುತ್ತವೆ. ಅದನ್ನು ಬಿಡಿಸುವ ಕೀಲಿ ನಾವು ಒತ್ತುವ ಪಿನ್ ಸೇರಿದ ಮೇಲೆಯೇ ಸಿದ್ಧವಾಗೋದು. ಬೆರಳಚ್ಚು ಅನ್ನೋದು ಒಂದು ಸಲ ಆ ಕೀಲಿ ತಿರುಗಿದ ಮೇಲೆ ಬಾಗಿಲು ಮುಂದೆ ಮಾಡಿಕೊಳ್ಳುವ ಸೌಕರ್ಯ, ಅಷ್ಟೆ. ಹೆಸರುಗಳ ಪಟ್ಟಿಯೂ ಆ ಗೂಢಲಿಪಿಯ ಒಳಗೇ ಇರುವುದರಿಂದ, ಮೊದಲ ಸಲ ಪಿನ್ ಹಾಕುವವರೆಗೆ ಯಾರು ಕರೆ ಮಾಡಿದರೂ ಬರೀ ನಂಬರು ಕಾಣುತ್ತದೆ. ಅದಕ್ಕೇ ನಾನು ಆವತ್ತು ಅಮ್ಮನಿಗೆ ಯಾರೋ ಆಗಿಹೋಗಿದ್ದೆ. ಮಳೆ ಬಾರದಿದ್ದರೂ ಇದು ತಪ್ಪುತ್ತಿರಲಿಲ್ಲ. ಆಂಡ್ರಾಯ್ಡ್ ಹೆಚ್ಚೆಂದರೆ 72 ಗಂಟೆಗೊಮ್ಮೆ ಬೆರಳನ್ನು ಬದಿಗೆ ಸರಿಸಿ ಪಿನ್ ಕೇಳಿಯೇ ಕೇಳುತ್ತದೆ. ನನ್ನ ಫೋನು ಹಾಗೆ ಕೇಳಿದಾಗಲೆಲ್ಲ ನಾನು ಬೈದುಕೊಂಡಿದ್ದೇನೆ.

ಆಮೇಲೆ ಪಕ್ಕದ ಮನೆಯವರ ಫೋನನ್ನು ಸ್ಪೀಕರಿಗೆ ಹಾಕಿ ಒಂದು ಗಂಟೆ ನಾಟಕ ನಡೆಯಿತು. ನಾನು ಅಜ್ಜಿ ಮನೆ ನಂಬರು ಹೇಳಿ, ತಿರುವಿ ಒತ್ತಿಸಿದೆ. ತಪ್ಪು ಅಂತು.

"ಇದು ಅಮ್ಮನ ಮನೆ ನಂಬರೇ ಅಲ್ವಲ್ಲೇ," ಅಂದಳು ಅಮ್ಮ. "ಕೊನೇಲಿ ಎಪ್ಪತ್ಮೂರು. ನೀನು ಮೂವತ್ತೇಳು ಅಂತಿದ್ದೀಯ."

ಅವಳು ಹೇಳಿದ ಹಾಗೆ ತಿರುವಿ ಹಾಕಿಸಿದೆ. ಅದೂ ತಪ್ಪು. 2 ಮೊದಲೋ ಕೊನೆಯೋ? ಎರಡೂ ಆಯಿತು. ಐದು ತಪ್ಪಾದ ಮೇಲೆ ಮೂವತ್ತು ಸೆಕೆಂಡು ಕಾಯಿ ಅಂತು. ಹೋಗ್ತಾ ಹೋಗ್ತಾ ಕಾಯುವ ಹೊತ್ತು ಬೆಳೆಯಿತು. ಅಷ್ಟರಲ್ಲಿ ನನಗೊಂದು ಅನುಮಾನ ಶುರುವಾಗಿತ್ತು. ಅಮ್ಮನಿಗೆ ನೆನಪಿರುವುದೇ ಸರಿಯಾದ ನಂಬರು. ಭಾನುವಾರ ನಾನು ಒತ್ತಿದ್ದು ನನ್ನ ತಲೆಯಲ್ಲಿದ್ದ ತಪ್ಪು ನಂಬರು. ತಪ್ಪನ್ನು ಅಮ್ಮ ತಿದ್ದಿಬಿಟ್ಟ ಮೇಲೆ, ಆ ಹಳೇ ತಪ್ಪು ಸರಿಯಾಗಿ ಯಾವುದು ಅಂತ ನೆನಪು ಮಾಡಿಕೊಳ್ಳೋದು ಹೇಗೆ? ಸರಿಯಾದ ಉತ್ತರ ಎದುರಿಗೆ ಇಟ್ಟುಕೊಂಡು ತಪ್ಪು ಉತ್ತರ ಹುಡುಕುವ ಪರೀಕ್ಷೆ ನಾನು ಹಿಂದೆಂದೂ ಬರೆದಿರಲಿಲ್ಲ.

ಇಲ್ಲಿ ಹೊಟ್ಟೆ ಉರಿಯುವ ಒಂದು ವಿಷಯ ಹೇಳಬೇಕು. ಐಫೋನಿನಲ್ಲಿ 2023ರ ಐಓಎಸ್ 17ರಿಂದ, ಪಾಸ್‌ಕೋಡ್ ಬದಲಾಯಿಸಿದ 72 ಗಂಟೆಯೊಳಗೆ ಹೊಸದು ಮರೆತರೆ ಹಳೆಯದನ್ನು ಹಾಕಿ ಒಳಗೆ ಹೋಗಿ ಮತ್ತೆ ಹೊಸದು ಇಟ್ಟುಕೊಳ್ಳಬಹುದು. (ಹಳೆಯದು ಯಾರಿಗೋ ಗೊತ್ತಾಗಿದೆ ಅಂತಲೇ ಬದಲಾಯಿಸಿದ್ದರೆ, ಸೆಟ್ಟಿಂಗ್ಸಿಗೆ ಹೋಗಿ ಆ ಹಳೆಯದನ್ನು ಆಗಲೇ ರದ್ದು ಮಾಡಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ.) ಯಾರೋ ಒಬ್ಬರು ಕೂತು, ಲಾಕ್ ಬದಲಾಯಿಸಿದ ಮೊದಲ ಮೂರು ದಿನ ಮನುಷ್ಯ ಮರೆಯುತ್ತಾನೆ ಅಂತ ಯೋಚಿಸಿದ್ದಾರೆ. ಭಾನುವಾರ ಸಂಜೆ ಆರರಿಂದ ಬುಧವಾರ ಬೆಳಿಗ್ಗೆ ಎಂಟಕ್ಕೆ 62 ಗಂಟೆ. ಅಮ್ಮನ ಬೆರಳಿನಲ್ಲಿ ಹಳೇ ಗೆರೆ ಇನ್ನೂ ಹಾಗೇ ಇತ್ತು. ಆದರೆ ಅಮ್ಮನದು ಐಫೋನ್ ಅಲ್ಲ. ಆಂಡ್ರಾಯ್ಡಿನಲ್ಲೂ ಒಂದು ಕಾಲಕ್ಕೆ, 4.4ರ ಆವೃತ್ತಿಯವರೆಗೆ, ಪ್ಯಾಟರ್ನ್ ಮರೆತರೆ ಗೂಗಲ್ ಖಾತೆಯ ಪಾಸ್‌ವರ್ಡ್ ಹಾಕಿ ಒಳಗೆ ಹೋಗಬಹುದಿತ್ತು. ಈಗ ಆ ದಾರಿ ಇಲ್ಲ.

ಗುರುವಾರ ರಜೆ ಹಾಕಿ ಊರಿಗೆ ಹೋದೆ. ಮೊಬೈಲ್ ಅಂಗಡಿಯ ಹುಡುಗ ಫೋನನ್ನು ಮುಟ್ಟುವ ಮೊದಲೇ ಹೇಳಿದ, "ಫಾರ್ಮ್ಯಾಟ್ ಒಂದೇ ದಾರಿ ಅಕ್ಕ. ಎಲ್ಲ ಹೋಗುತ್ತೆ. ಬ್ಯಾಕಪ್ ಇದೆಯಾ?" ಬ್ಯಾಕಪ್ ಇರಲಿಲ್ಲ. ಆರಂಕಿ ಪಿನ್ನಿನ ಬಗ್ಗೆ ಭಾಷಣ ಮಾಡಿದವಳಿಗೆ ಬ್ಯಾಕಪ್ ಆನ್ ಆಗಿದೆಯಾ ಅಂತ ನೋಡಬೇಕು ಅನ್ನಿಸಿರಲಿಲ್ಲ.

ಫಾರ್ಮ್ಯಾಟ್ ಆದ ಮೇಲೂ ಮುಗಿಯಲಿಲ್ಲ. 2015ರ ಆಂಡ್ರಾಯ್ಡ್ 5.1ರಿಂದ, ಹೀಗೆ ಹೊರಗಿನಿಂದ ಒರೆಸಿ ಹಾಕಿದ ಫೋನು ಮೊದಲು ಇದ್ದ ಗೂಗಲ್ ಖಾತೆಯನ್ನೇ ಕೇಳುತ್ತದೆ, ಕದ್ದವರಿಗೆ ಕೆಲಸಕ್ಕೆ ಬಾರದಿರಲಿ ಅಂತ. ಒಳ್ಳೆಯದೇ. ಆದರೆ ಅಮ್ಮನ ಖಾತೆಯನ್ನು ಮೂರು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ, ಇನ್ಯಾವನೋ ಹುಡುಗ, ಅಮ್ಮನ ಹೆಸರಿನ ಮುಂದೆ ಒಂದಿಷ್ಟು ಅಂಕಿ ಸೇರಿಸಿ ಮಾಡಿಕೊಟ್ಟಿದ್ದ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಅಮ್ಮನ ಸಿಮ್ಮನ್ನು ಅಪ್ಪನ ಬಟನ್ ಫೋನಿಗೆ ಹಾಕಿ, ಓಟಿಪಿ ತರಿಸಿ, ಖಾತೆ ವಾಪಸ್ ಪಡೆಯುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ.

ಹೆಸರುಗಳು ಖಾತೆಯಲ್ಲಿದ್ದವು, ಬಂದವು. ಯುಪಿಐ ಬಗ್ಗೆ ಅಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಭಯವಿತ್ತು. ಅವಳು ಆ ಪಿನ್ನನ್ನೂ ಗಲಿಬಿಲಿಯಲ್ಲಿ ಮರೆತಿದ್ದಳು. ಡೆಬಿಟ್ ಕಾರ್ಡಿನ ಕೊನೆಯ ಆರಂಕಿ, ಅದರ ಅವಧಿ ಮುಗಿಯುವ ತಿಂಗಳು, ಒಂದು ಓಟಿಪಿ. ಹೊಸ ಪಿನ್ ಬಂದೇಬಿಟ್ಟಿತು. ಕೂತು ನೋಡಿದರೆ ವಿಚಿತ್ರ ಅನ್ನಿಸಿತು. ದುಡ್ಡಿನ ಪಿನ್ ಅಂದರೆ ನಾವು ನಡುಗುತ್ತೇವೆ, ಅದು ಹೋದರೆ ಮತ್ತೆ ಸಿಗುತ್ತದೆ, ಯಾಕಂದರೆ ಅದರ ಹಿಂದೆ ಬ್ಯಾಂಕು ಅಂತ ಒಂದಿದೆ, ನಮ್ಮನ್ನು ಗುರುತಿಸುತ್ತದೆ. ಸಿಮ್ಮಿಗೆ ಹಾಕುವ ಪಿನ್ ಕೂಡ ಹಾಗೇ: ಮೂರು ಸಲ ತಪ್ಪಿದರೆ ಎಂಟಂಕಿಯ ಪಿಯುಕೆ ಕೇಳುತ್ತದೆ, ಅದು ಸಿಮ್ ಕೊಟ್ಟವರ ಹತ್ತಿರ ಸಿಗುತ್ತದೆ. ಫೋನಿನ ಲಾಕ್‌ಗೆ ಮಾತ್ರ ಹಿಂದೆ ಯಾರೂ ಇಲ್ಲ. ಅದನ್ನು ಮಾಡಿದ ಕಂಪನಿಗೂ ಗೊತ್ತಿಲ್ಲ, ಅಂಗಡಿಯವನಿಗೂ ಗೊತ್ತಿಲ್ಲ. ಗೊತ್ತಿರಬೇಕಾದ್ದು ಒಂದೇ ಒಂದು ಕೈಗೆ. ನಾವು ಅದನ್ನೇ ದಾರಿಯಲ್ಲಿ ನಿಂತು, ರೈಲಿಗೆ ಹೊತ್ತಾಯಿತು ಅಂತ, ಇನ್ನೊಬ್ಬರ ಪರವಾಗಿ ಬದಲಾಯಿಸುತ್ತೇವೆ.

ಹೋದದ್ದು ಫೋಟೋಗಳು. ಅಮ್ಮ ಎರಡು ವರ್ಷದಿಂದ ದಿನಾ ರಂಗೋಲಿ ಹಾಕಿ ಮುಗಿಸಿ ಮೇಲಿನಿಂದ ಒಂದು ಫೋಟೋ ತೆಗೆಯುತ್ತಿದ್ದಳು. ಹಾಕಿದ್ದನ್ನೇ ಮತ್ತೆ ಹಾಕಬಾರದು ಅಂತ ಅವಳ ಲೆಕ್ಕ. ಚಿಕ್ಕಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ನೂರಿಪ್ಪತ್ತೋ ಏನೋ ವಾಪಸ್ ಬಂದವು. ನಾನು ಅಳುಮುಖ ಮಾಡಿಕೊಂಡು ಇದನ್ನು ಹೇಳಿದರೆ ಅಮ್ಮ ಕೇಳಿದ್ದೇ ಬೇರೆ.

"ಆ ಮಿಠಾಯಿ ಒಡೆಯೋ ಆಟ?"

ಅದು ಮೊದಲಿನಿಂದ ಶುರುವಾಗಿತ್ತು. ಏಳುನೂರಾ ಚಿಲ್ಲರೆ ಹಂತ ದಾಟಿದ್ದಳಂತೆ. ಆವತ್ತು ರಾತ್ರಿ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಪ್ಪ ತಮ್ಮ ಬಟನ್ ಫೋನು ತೋರಿಸಿ, "ನನ್ನದಕ್ಕೆ ಬೀಗಾನೂ ಇಲ್ಲ, ಕೀನೂ ಇಲ್ಲ" ಅಂದರು. ಯಾರೂ ನಗಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ನನ್ನ ಫೋನನ್ನೇ ಕೈಯಲ್ಲಿ ಹಿಡಿದು ಕೂತೆ. ನನ್ನ ಪಾಸ್‌ಕೋಡ್ ಗಂಡನಿಗೆ ಗೊತ್ತಿಲ್ಲ, ಅವರದ್ದು ನನಗೆ ಗೊತ್ತಿಲ್ಲ. ಇದನ್ನು ಹೊಸಕಾಲದ ನಂಬಿಕೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ನಮ್ಮತ್ತೆಗೆ ಇದು ಅರ್ಥವೇ ಆಗುವುದಿಲ್ಲ. ಮನೆಯವರಿಗೇ ಬೀಗ ಹಾಕ್ತೀರಾ ಅಂತ ಕೇಳುತ್ತಾರೆ. ಅವರ ಕಾಲದಲ್ಲಿ ಬೀರುವಿನ ಕೀ ಎಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು, ತೆಗೆಯುವವರು ಮಾತ್ರ ಒಬ್ಬರೇ. ಇದರಲ್ಲಿ ಏನೋ ಇದೆ ಅನ್ನಿಸಿತು. ಈಗ ಇಬ್ಬರೂ ನಮ್ಮ ನಮ್ಮ ಪಾಸ್‌ಕೋಡನ್ನು ಚೀಟಿಯಲ್ಲಿ ಬರೆದು, ಅಂಟಿಸಿದ ಲಕೋಟೆಯಲ್ಲಿ ಮನೆಪತ್ರಗಳ ಜೊತೆ ಬೀರುವಿನಲ್ಲಿಟ್ಟಿದ್ದೇವೆ. ತೆರೆದರೆ ತೆರೆದದ್ದು ಗೊತ್ತಾಗುತ್ತದೆ. ಬದಲಾಯಿಸಿದರೆ ಚೀಟಿಯನ್ನೂ ಬದಲಾಯಿಸಬೇಕು, ಇದೇ ದೊಡ್ಡ ರಗಳೆ, ಅದಕ್ಕೇ ಸುಮ್ಮಸುಮ್ಮನೆ ಬದಲಾಯಿಸುವುದನ್ನು ಬಿಟ್ಟಿದ್ದೇವೆ. ಯಾರೋ ನೋಡಿದರು ಅನ್ನಿಸಿದರೆ, ಫೋನು ರಿಪೇರಿಗೆ ಕೊಟ್ಟಿದ್ದರೆ ಬದಲಾಯಿಸೋದು. ಅದೂ ಬೆಳಗಿನ ಹೊತ್ತು, ಎಲ್ಲಿಗೂ ಹೊರಡುವುದಿಲ್ಲದ ದಿನ, ಬ್ಯಾಕಪ್ ಆಗಿದೆಯಾ ನೋಡಿಕೊಂಡು. ಒಂದು ವಾರ ಬೆರಳಚ್ಚು ತೆಗೆದಿಟ್ಟು ಪ್ರತಿ ಸಲವೂ ಒತ್ತಿ ಒತ್ತಿ ಕೈಗೆ ರೂಢಿ ಮಾಡಿಸೋದು. ಸತ್ತ ಮೇಲಿನ ಮಾತಿಗೆ ಗೂಗಲ್ಲಿನಲ್ಲಿ 2013ರಿಂದಲೇ ಒಂದು ಏರ್ಪಾಡಿದೆ: ಇಷ್ಟು ತಿಂಗಳು ನನ್ನ ಸುಳಿವಿಲ್ಲದಿದ್ದರೆ ಇಂಥವರಿಗೆ ಇಷ್ಟನ್ನು ಕೊಡಿ ಅಂತ ಬರೆದಿಡಬಹುದು. ಆಪಲ್‌ನವರೂ 2021ರ ಕೊನೆಗೆ ಅಂಥದ್ದೊಂದನ್ನು ತಂದರು. ಎರಡೂ ಖಾತೆಯಲ್ಲಿ ಇರುವುದನ್ನು ಕೊಡುತ್ತವೆ. ಫೋನಿನಲ್ಲೇ ಉಳಿದದ್ದಕ್ಕೆ ಚೀಟಿಯೇ ಗತಿ.

ಮುಂದಿನ ತಿಂಗಳು ಹೋದಾಗ ಅಮ್ಮನ ಫೋನಿಗೆ ಏನೂ ಲಾಕ್ ಇರಲಿಲ್ಲ. "ನೀನು ಬಂದಾಗ ಹಾಕೋಣ ಅಂತ ಬಿಟ್ಟಿದ್ದೆ" ಅಂದಳು. ನಾಲ್ಕಂಕಿ ಪಿನ್ ಸಾಕಾ ಅಂದೆ. ಬೇಡ, ಚುಕ್ಕೀದೇ ಇರಲಿ ಅಂದಳು. ಸೆಟ್ಟಿಂಗ್ಸಿನ ಆ ಜಾಗದವರೆಗೆ ನಾನು ತಂದುಕೊಟ್ಟೆ. ಬೆರಳು ಎಳೆಯುವಾಗ ಗೆರೆ ಕಾಣದಂತೆ ಮಾಡುವ ಒಂದು ಗುಂಡಿ ಅಲ್ಲೇ ಇದೆ, ಅದನ್ನೂ ಒತ್ತಿದೆ. ಫೋನು ಅವಳ ಕೈಗೆ ಕೊಟ್ಟೆ.

"ಆ ಕಡೆ ತಿರುಗು," ಅಂದಳು.

"ನನಗೇನಮ್ಮ?"

"ತಿರುಗೇ ಅಂದ್ರೆ."

ಗೋಡೆ ಕಡೆ ತಿರುಗಿ ನಿಂತೆ. ಹಾಲಿನ ಲೆಕ್ಕ ಬರೆದ ಕ್ಯಾಲೆಂಡರಿನ ಮುಂದೆ. ಹಿಂದಿನಿಂದ ಏನೂ ಸದ್ದಿಲ್ಲ. ಆಮೇಲೆ ಇನ್ನೊಂದು ಸಲ ಎಳೆ ಅಂದಿರಬೇಕು ಫೋನು, "ಗೊತ್ತು, ತಾಳು" ಅಂತ ಅದಕ್ಕೇ ಹೇಳಿದಳು. ಚೀಟಿಯಲ್ಲಿ ಬರೆದಿಡು ಅಂದೆ. ಆಯ್ತು ಅಂದಳು. ಸಂಜೆ ನೋಡಿದರೆ ದೇವರ ಮನೆಯಲ್ಲಿ ಅರಿಶಿನ ಕುಂಕುಮದ ಡಬ್ಬಿಯ ಕೆಳಗೆ ಮಡಿಸಿದ ಕಾಗದ ಒಂದಿತ್ತು. ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಮ್ಮ ರಂಗೋಲಿ ಮುಗಿಸಿ, ಫೋಟೋ ತೆಗೆದು, ಹಾಲು ತರಲು ಹೋಗಿದ್ದಳು. ಫೋನು ಜಗಲಿಯ ಮೇಲಿತ್ತು. ಎಳೆ ಬಿಸಿಲು ಓರೆಯಾಗಿ ಬೀಳುತ್ತಿತ್ತು, ಕಪ್ಪು ಗಾಜಿನ ಮೇಲೆ ರಂಗೋಲಿ ಪುಡಿಯ ಬಿಳಿ ಗೆರೆ, ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹೋಗಿ, ತಿರುಗಿ, ನಡುವೆ ಹಾದು. ಎಷ್ಟು ಚುಕ್ಕಿ ಅಂತ ಎಣಿಸುವ ಮೊದಲೇ ದುಪಟ್ಟಾದ ತುದಿಯಿಂದ ಒರೆಸಿ, ಬೋರಲು ಹಾಕಿ ಇಟ್ಟೆ.